ಕಾವು ಕೂರುವ ಗಂಡುಹಕ್ಕಿ

ಹೊಳೆನರಸೀಪುರದ ಹತ್ತಿರ, ನಾಲೆಯ ಕೆಳಗಿನ ಗದ್ದೆ. ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ದೊಡ್ಡಮ್ಮನವರ ಕುಡುಗೋಲು ತಟ್ಟನೆ ನಿಂತಿತು. ಬದುವಿನ ಹುಲ್ಲಿನ ಬುಡದಲ್ಲಿ ನಾಲ್ಕು ಮೊಟ್ಟೆ. ಹಳದಿ ಮೈಗೆ ಕಪ್ಪು ಮಚ್ಚೆ. ಪಕ್ಕದಿಂದಲೇ ಹಕ್ಕಿಯೊಂದು ಕಾಲು ಜೋತುಬಿಟ್ಟುಕೊಂಡು ಹಾರಿ ನಾಲೆಯಾಚೆಗೆ ಹೋಯಿತು. ಕೆಂಗಂದು ಕತ್ತು, ಕಣ್ಣಿನ ಸುತ್ತ ಕನ್ನಡಕದಂಥ ಬಿಳುಪು, ಹಸಿರು ಮಿಂಚುವ ರೆಕ್ಕೆ, ಹೆಗಲ ಮೇಲೊಂದು ಬಿಳಿ ಪಟ್ಟಿ. ಅಷ್ಟು ಚೆಂದದ ಹಕ್ಕಿಯನ್ನು ಅವರು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

“ಅಯ್ಯೋ, ಅವ್ವ ಎದ್ದೋಯ್ತಲ್ಲ! ಬಿಸ್ಲಿಗೆ ಮೊಟ್ಟೆ ಕೆಟ್ಟೋಯ್ತವೆ. ನಮ್ಮ ಕೋಳಿ ಕಾವಿಗೆ ಕೂತದಲ್ಲ, ಅದ್ರಡಿ ಮಡುಗ್ತೀನಿ” ಎಂದು ಸೆರಗು ಹರವಿದರು.

“ಅಷ್ಟು ಬಣ್ಣ ಇದ್ರೆ ಅದು ಗಂಡು ಕಣೆ. ನಮ್ಮ ಹುಂಜನ ನೋಡಿಲ್ವಾ?” ಎಂದರು ಹುಲ್ಲಿನ ಹೊರೆ ಕಟ್ಟುತ್ತಿದ್ದ ಗಂಡ ಮಂಚಯ್ಯ.

ಜೊತೆಗೆ ಬಂದಿದ್ದ ಸೊಸೆ ಕವನಾ ದುದ್ದದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. “ಮುಟ್ಬೇಡಿ ಅತ್ತೆ. ಅದು ಬಣ್ಣದ ಉಲ್ಲಂಕಿ. ಹೋದದ್ದು ಹೆಣ್ಣೇ. ಇದ್ರಲ್ಲಿ ಬಣ್ಣ ಹೆಣ್ಣಿಗೆ, ಮಾವ. ಮೊಟ್ಟೆ ಇಟ್ಟು ಹೋಗ್ಬಿಡ್ತಾಳೆ. ಕಾವು ಕೂರೋದು, ಮರಿ ಸಾಕೋದು ಎಲ್ಲಾ ಗಂಡು.”

“ಎಲ್ಲಾರ ಉಂಟಾ ತಾಯಿ?” ಮಂಚಯ್ಯ ನಕ್ಕರು.

“ಇದ್ರೆ ಅದ್ರತ್ರ ಓಗಿ ಕಲ್ತ್ಕೊ. ಒಂದಿನಾನಾದ್ರೂ ತೊಟ್ಲು ತೂಗಿದ್ಯಾ ನೀನು?” ದೊಡ್ಡಮ್ಮ ತಿವಿದು, ಸೊಸೆಯತ್ತ ತಿರುಗಿದರು. “ಆ ಗಂಡು ಎಲ್ಲದವ್ವ?”

“ಇಲ್ಲೇ ಎಲ್ಲೋ ಇರ್ತಾನೆ. ಮಣ್ಣಿನ ಬಣ್ಣ. ನಾವಿರೋ ತನಕ ಅಲ್ಲಾಡಲ್ಲ.”

“ಅದು ಬರ್ದೆ ಇದ್ರೆ ಮೊಟ್ಟೆ ನಾನು ಎತ್ಕೋತೀನಿ ಕಣವ್ವ. ಸಾಯಕ್ಕೆ ಬಿಡಲ್ಲ.”

ಮೂವರೂ ತೆಂಗಿನ ನೆರಳಿಗೆ ಸರಿದರು. ಮೊಟ್ಟೆಗಳ ಮೇಲೆ ಬಿಸಿಲು ಬಿದ್ದಿತ್ತು. ತಾಳಲಾರದೆ ಎದ್ದ ಅತ್ತೆಯನ್ನು ಕವನಾ ಕೈಹಿಡಿದು ಕೂರಿಸಿದಳು.

ಆಗ, ಅಷ್ಟು ಹೊತ್ತೂ ಒಣಹುಲ್ಲೆಂದುಕೊಂಡಿದ್ದುದು ಕಾಲು ಚಾಚಿತು. ಮಂಕು ಕಂದು ಮೈ, ರೆಕ್ಕೆ ತುಂಬ ಹೊನ್ನಿನ ಚುಕ್ಕಿ. ಒಂದು ಹೆಜ್ಜೆ ಇಟ್ಟು ನಿಂತಿತು. ಮತ್ತೊಂದು ಇಟ್ಟಿತು. ಗೂಡಿಗೆ ಬಂದು ಮೊಟ್ಟೆಗಳ ಮೇಲೆ ಮೈ ಹರಡಿ ಕೂತಿತು. ಕೂತದ್ದೇ, ಮತ್ತೆ ಹುಲ್ಲಿನಲ್ಲಿ ಕರಗಿಹೋಯಿತು.

“ಪಕ್ದಲ್ಲೇ ಕುಂತು ನೋಡ್ತಿತ್ತಲ್ಲ! ಒಂದ್ ಸದ್ದೂ ಮಾಡ್ಲಿಲ್ಲ” ಎಂದ ದೊಡ್ಡಮ್ಮನವರ ಕಣ್ಣು ತುಂಬಿತು.

ಮಂಚಯ್ಯ ಪಿಸುಗುಟ್ಟಿದರು: “ಮರಿ ಎದ್ದೋಗಗಂಟ ಈ ಬದಕ್ಕೆ ಕುಡ್ಲೂ ಬ್ಯಾಡ, ಔಷ್ದೀನೂ ಬ್ಯಾಡ. ಹುಲ್ಲು ಬ್ಯಾರೆ ಕಡೆ ಕುಯ್ಯಾಣ.”

ನಿಮ್ಮ ಗದ್ದೆಯಲ್ಲೂ ಹೀಗೊಬ್ಬ ತಂದೆ ಕೂತಿರಬಹುದು. ಬದುವಿನಲ್ಲಿ ಮೊಟ್ಟೆ ಕಂಡರೆ, ಕನಿಕರದಿಂದಲೂ ಮನೆಗೆ ತರಬೇಡಿ. ಅದರ ಸುತ್ತಲಿನ ಹುಲ್ಲನ್ನು ಕೊಯ್ಯದೆ ಉಳಿಸಿ. ನಾಯಿಯನ್ನು ಹಿಂದಕ್ಕೆ ಕರೆಯಿರಿ. ದೂರ ಸರಿದು ನಿಲ್ಲಿ. ನೀವು ಸರಿಯುವ ತನಕ ಅವನು ಬರಲಾರ.