ಬಂದವರು ಯಾರು

ಕೈಯಲ್ಲಿರುವ ಮೇಣದಬತ್ತಿಯ ಮೇಣ ಕರಗಿ ಬೆರಳಿಗೆ ಬಿಸಿ ತಾಗುತ್ತಿದೆ, ಈ ಬೆರಳುಗಳಿಗೆ ಇದೊಂದು ಬಿಸಿಯೇ, ಹೋಟೆಲಿನ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕಿಯೇ ಸವೆದವು ಇವು — ಕೂದಲಿನ ಬಣ್ಣದ ವಾಸನೆ ಇನ್ನೂ ಹೋಗಿಲ್ಲ, ಹಗಲೆಲ್ಲ ಇದು ಬ್ಯೂಟಿ ಪಾರ್ಲರ್, ಸಂಜೆ ಕುರ್ಚಿಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಉಪ್ಪಿನಿಂದ ಒಂದು ಸುತ್ತು ಗೆರೆ ಎಳೆದರೆ ವಿಕ್ಕಾ ಎಂಬ ಹೊರದೇಶದ ಪಂಥದವರ ಕೂಟ, ಪಾರ್ಲರಿನವಳೇ ಗುರು, ಅವಳೂ ಹುಡುಗಿಯರೂ ಗೆರೆಯ ಒಳಗೆ, ನಾನೊಬ್ಬಳೇ ಹೊರಗೆ, ಬರಿಗಾಲು, ನೆಲ ತಣ್ಣಗಿದೆ, ಇನ್ನೇನು ಕೇಳುತ್ತಾಳೆ, ಬಂದವರು ಯಾರು ಎಂದು, ಇಂಥವರ ಹೆಂಡತಿ, ಇಂಥವರ ತಾಯಿ ಅನ್ನೋ ಹಾಗಿಲ್ಲ ಅಜ್ಜಿ, ನೀವೇ ಆರಿಸಿಕೊಂಡ ಹೆಸರು ಹೇಳಿದ್ರೆ ಮಾತ್ರ ಒಳಗೆ, ಎಂದು ಮೊದಲೇ ಹೇಳಿಟ್ಟಿದ್ದಾಳೆ. ನಾನೇ ಆರಿಸಿಕೊಂಡದ್ದು ಅಂತ ಈ ಜನ್ಮದಲ್ಲಿ ಏನಿತ್ತು, ರಾತ್ರಿಶಾಲೆಗೆ ಸೇರಿಸಿದ್ದೂ ಅವರೇ, ನಮ್ಮ ಮನೆಯವರು, ತಲೆ ನರೆತವಳಿಗೆ ಅಕ್ಷರ ಯಾಕೆ ಎಂದವರಿಗೆಲ್ಲ, ನರೆತದ್ದು ಕೂದಲು, ತಲೆ ಅಲ್ಲ ಎಂದು ಉತ್ತರ ಕೊಟ್ಟವರು. ಹುಡುಗಿಯರು ಬೆಳ್ಳಿಗೂಬೆ, ಚಂದ್ರನೆರಳು ಎಂದೆಲ್ಲ ಹೆಸರಿಟ್ಟುಕೊಂಡಿದ್ದಾರೆ, ಮೊನ್ನೆ ನನ್ನದು ಪಾಚಿ ಅಂದೆ, ಅಯ್ಯೋ ಅಜ್ಜಿ, ನಾವು ಜಾರಿ ಬೀಳ್ತೀವಷ್ಟೆ, ನಗಲಿ ಬಿಡು, ಇಸ್ತ್ರಿಕೋಣೆಯ ಹಿಂದಿನ ಗೋಡೆಯನ್ನು ಅವರು ನೋಡಿಲ್ಲ, ಯಾರೂ ನೆಡದೆ, ಯಾರೂ ನೀರೆರೆಯದೆ ಅಷ್ಟು ಹಸಿರು, ಊಟದ ಬಿಡುವಿನಲ್ಲಿ ಸುಡುವ ಅಂಗೈ ಅದಕ್ಕೊತ್ತಿ ನಿಲ್ಲುತ್ತಿದ್ದೆ, ಅದು ಪೂಜೆ ಎಂದು ಗೊತ್ತಿರಲಿಲ್ಲ, ಮಣ್ಣಿಗೂ ಹಸಿರಿಗೂ ಕೈಮುಗಿಯುವ ಇಂಥದೊಂದು ಪಂಥವಿದೆ ಎಂದು ಪುಸ್ತಕದಲ್ಲಿ ಓದಿದ ದಿನ ಎದೆ ಹಗುರಾಯಿತು, ಹಾಗಾದರೆ ನಾನೊಬ್ಬಳೇ ಹುಚ್ಚಿಯಲ್ಲ.

ಪಕ್ಕದ ಮನೆಯವಳು ಬಿಡುತ್ತಾಳೆಯೇ, ಏನಕ್ಕಾ, ಹಲ್ಲು ಬಿದ್ದ ಮೇಲೆ ಮಾಟಗಾತಿ ಆಗೋಕೆ ಹೊರಟ್ಯಾ, ಮೊದಲು ನಮ್ಮ ಯಜಮಾನ್ರ ಗೊರಕೆ ನಿಲ್ಸು ನೋಡೋಣ, ಆದರೆ ನಮ್ಮ ಮನೆಯವರನ್ನು ನೋಡಿಕೊಳ್ಳುತ್ತ ಈಗ ಮನೆಯಲ್ಲಿ ಕೂತಿರುವವಳೂ ಅವಳೇ, ಒಬ್ಬರನ್ನೇ ಬಿಡುವಂತಿಲ್ಲ, ಅವರ ಮರೆವು ಎಲ್ಲವನ್ನೂ ತಿಂದು ಮುಗಿಸಿ ಕೊನೆಗೆ ನನ್ನ ಮುಖಕ್ಕೂ ಬಂತು, ದಿನಾ ಬೆಳಿಗ್ಗೆ ನನ್ನನ್ನು ಕಂಡು ದಡಬಡಿಸಿ ಏಳುತ್ತಾರೆ, ಕುರ್ಚಿ ಎಳೆಯುತ್ತಾರೆ, ಅಂಗೈಯಿಂದ ಅದರ ಧೂಳು ಒರೆಸುತ್ತಾರೆ, ಕೂತ್ಕೊಳ್ಳಿ ತಾಯಿ, ನನ್ನ ಹೆಂಡತಿ ಹೊರಗೆ ಹೋಗಿದ್ದಾಳೆ, ಇನ್ನೇನು ಬಂದುಬಿಡ್ತಾಳೆ, ನಾನೇ ಕಣ್ರೀ ನಿಮ್ಮ ಹೆಂಡತಿ, ಛೆ ಛೆ, ಹಾಗನ್ನಬೇಡಿ, ಅವಳು ಕೇಳಿಸಿಕೊಂಡ್ರೆ ನೊಂದ್ಕೋತಾಳೆ — ಎಷ್ಟು ಮರ್ಯಾದೆ, ನಲವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ನನಗೆ ಕುರ್ಚಿ ಒರೆಸಿದವರಲ್ಲ, ಅಂಗೈ ಅಂಚಿನಿಂದ ಅಂಚಿಗೆ ಹೋಗುತ್ತದೆ, ಅತಿಥಿಗೆ, ಹೊರಗಿನವಳಿಗೆ, ಹೆಂಡತಿಯೆಂಬವಳು ನಾನಲ್ಲವಾದರೆ ಮತ್ತೆ ಯಾರು ಎಂದು ಕೇಳಿಕೊಂಡೇ ಈ ಬಾಗಿಲಿಗೆ ಬಂದೆ. ಇವತ್ತು ಹೊರಡುವಾಗಲೂ ಯಾರಮ್ಮ ನೀವು ಅಂದರು, ನಾಲಿಗೆಗೆ ಅಭ್ಯಾಸವಾಗಲಿ ಎಂದು ಪಾಚಿ ಅಂದುಬಿಟ್ಟೆ, ಮುಖ ಅರಳಿತು, ಎಷ್ಟು ದಿನವಾಗಿತ್ತು ಆ ಮುಖ ಅರಳಿ, ಪಾಚಿನಾ, ಒಳ್ಳೇ ಹೆಸರು, ನನ್ನವಳಿಗೂ ಪಾಚಿ ಅಂದ್ರೆ ಪ್ರಾಣ, ಕೆಲಸದ ಜಾಗದಲ್ಲಿ ಗೋಡೆಗೆ ಅಂಗೈ ಒತ್ಕೊಂಡು ಕಣ್ಮುಚ್ಚಿ ನಿಲ್ತಾಳೆ, ಹುಚ್ಚು ಹುಡುಗಿ, ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ, ಹೇಳಬೇಡಿ ಮತ್ತೆ — ಯಾರಿಗೂ ಹೇಳಿರಲಿಲ್ಲ ನಾನು, ಊಟದ ಡಬ್ಬಿ ತಂದುಕೊಡಲು ಬಂದಾಗ ಯಾವಾಗ ನೋಡಿದರೋ, ನೋಡಿ ಮಾತಾಡಿಸದೆ ಎಷ್ಟು ಹೊತ್ತು ನಿಂತಿದ್ದರೋ, ನಾನು ಹುಡುಕಿಕೊಂಡು ಹೊರಟವಳು ಅವರ ನೆನಪಿನಲ್ಲೇ ಇದ್ದಾಳೆ, ಅವಳಿಗಾಗಿ ಕಾಯುತ್ತಿದ್ದಾರೆ, ನನ್ನನ್ನು ಒಳಗೆ ಕೂರಿಸಿ ಬಾಗಿಲ ಕಡೆ ನೋಡುತ್ತಾರೆ, ಬಂದವರು ಯಾರು, ಗುರು ಕೇಳಿಯೇಬಿಟ್ಟಳು, ಹೆಂಡತಿ ಅಂದರೆ ಇಲ್ಲಿ ಒಳಗೆ ಬಿಡುವುದಿಲ್ಲ, ಮನೆಯಲ್ಲಿ ಅವರು ನಂಬುವುದಿಲ್ಲ, ಪಾಚಿ ಅಂದರೆ ಎರಡೂ ಕಡೆ ಸ್ವಾಗತ, ಅಂದುಬಿಟ್ಟರೆ ಅವರು ಕಾಯುತ್ತಿರುವ ಅವಳು ಇನ್ನು ಬರುವುದೇ ಇಲ್ಲವೇನೋ, ಅಜ್ಜಿ, ಹೇಳಿ, ಪಿಸುಗುಟ್ಟುತ್ತಾಳೆ ಬೆಳ್ಳಿಗೂಬೆ, ಬಾಯಿ ತೆರೆದಿದ್ದೇನೆ, ಮೇಣ ಮಣಿಕಟ್ಟಿಗೆ ಇಳಿಯುತ್ತಿದೆ, ಅವರ ಆ ಅಂಗೈ, ಇಲ್ಲದ ಧೂಳನ್ನು, ಕುರ್ಚಿಯ ಅಂಚಿನಿಂದ ಅಂಚಿಗೆ, ಮತ್ತೆ ಅಂಚಿನಿಂದ, ಒರೆಸುತ್ತದೆ, ಒರೆಸುತ್ತದೆ —