ಬೆಂಗಾಡಿನಲ್ಲಿ ನಿಂತರೆ

ತಾಯಿ ಮಗಳು ಮಾತಿಲ್ಲದೆ ಅವರೆಕಾಳು ಹಿತುಕುತ್ತಿದ್ದರು. ರಾತ್ರಿಯೇ ನೆನೆಹಾಕಿದ್ದ ಕಾಳು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು. ಕಲ್ಲಮ್ಮನ ಬೆರಳುಗಳು ತಾವಾಗಿಯೇ ಓಡುತ್ತಿದ್ದವು. ಸಮತಾ ಮಾತ್ರ ನಾಲ್ಕು ಕಾಳಿಗೊಮ್ಮೆ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು, ಗೋಡೆಗೆ ಒರಗಿಸಿಟ್ಟ ಮೊಬೈಲನ್ನು ಮುಟ್ಟುತ್ತಿದ್ದಳು. ಎಷ್ಟು ಒರೆಸಿದರೂ ಬೆರಳಿನ ತೇವಕ್ಕೆ ಸ್ಕ್ರೀನ್ ಮಾತು ಕೇಳುತ್ತಿರಲಿಲ್ಲ.

ಮೊಬೈಲಿನೊಳಗೆ ಸುಡುಬಿಸಿಲು. ಆಟದಲ್ಲಿ ಆ ಪ್ರದೇಶಕ್ಕೆ ನಾಲಿಗೆ ಹೊರಳದ ಇಂಗ್ಲಿಷ್ ಹೆಸರಿತ್ತು. ಅಕ್ಕತಂಗಿಯರು ಅದನ್ನು ಬೆಂಗಾಡು ಎನ್ನುತ್ತಿದ್ದರು. ಆಟದ ಕೋಟೆ, ಕಾಡು, ಸಂತೆಗಳಲ್ಲೆಲ್ಲ ಜನ ಗಿಜಿಗುಡುತ್ತಿದ್ದರೂ ಬೆಂಗಾಡಿಗೆ ಯಾರೂ ಕಾಲಿಡುತ್ತಿರಲಿಲ್ಲ. ಅಲ್ಲಿ ನಿಲ್ಲುವಂತಿಲ್ಲ. ಮೂವತ್ತು ಎಣಿಸುವಷ್ಟು ಹೊತ್ತು ನಿಂತರೆ ಮರಳು ಪಾದದಿಂದ ನುಂಗುತ್ತಾ ಬರುತ್ತದೆ. ಪೂರ್ತಿ ಮುಳುಗಿದರೆ ಆಟವೇ ಮುಗಿದು ಮೊಬೈಲು ಸುಮ್ಮನಾಗುತ್ತದೆ. ಆಟ ಬಿಟ್ಟು ಏಳಬೇಕೆಂದರೂ, ಮೊದಲು ನಡುವಿನ ಬಾವಿಕಟ್ಟೆಗೆ ಹೋಗಿ ಕೂರಬೇಕು; ಅಲ್ಲಿ ಕೂತರೆ ಬೆಂಗಾಡಿನ ಗಾಳಿಯ ಸದ್ದೂ ನಿಲ್ಲುತ್ತದೆ.

ಯಾರೂ ಬರುವುದಿಲ್ಲವೆಂದೇ ಇವರು ಅಲ್ಲಿ ಸೇರುತ್ತಿದ್ದುದು. ಭದ್ರಾವತಿಯ ಮನೆಯಲ್ಲಿ ರುದ್ರೇಶ್ ಭಾವ ದಿನವೂ ಸೌಂದರ್ಯಕ್ಕನ ಫೋನು ತೆಗೆದು ಯಾರ ಕಾಲ್ ಬಂದಿತ್ತು ಎಂದು ನೋಡುತ್ತಿದ್ದ, ವಾಟ್ಸಾಪ್ ಓದುತ್ತಿದ್ದ. ಗೇಮನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ನನ್ನ ಹೆಂಡ್ತಿಗಿನ್ನೂ ಹತ್ತು ವರ್ಷ" ಎಂದು ಬಂದವರೆದುರು ನಗುತ್ತಿದ್ದ.

ಕೆಂಪು ರುಮಾಲು ಸುತ್ತಿದ ಬಿಲ್ಲುಗಾತಿ ಅಕ್ಕ. ಸಮತಾಳ ಬೊಂಬೆ ಅವಳ ಪಕ್ಕದಲ್ಲಿ ನಡೆಯುತ್ತಿತ್ತು. ಮಾತು ಪರದೆಯ ಕೆಳಗೆ ಅಕ್ಷರವಾಗಿ ಮೂಡುತ್ತಿತ್ತು.

"ಇವತ್ತು ಒಂದೇ ಕೈಲಿ ಆಡ್ತಿದೀನಿ ಕಣೆ."

"ಯಾಕಕ್ಕ?"

"ಬಲಗೈ ಎತ್ತಕ್ಕಾಗ್ತಿಲ್ಲ." ಸ್ವಲ್ಪ ದೂರ ನಡೆದ ಮೇಲೆ ಅವಳೇ, "ನಿನ್ ಕುದುರೆ ಎಲ್ಲೇ? ಮಾರ್ಕೊಂಡ್ ತಿಂದ್ಯಾ ಮಾರಾಯ್ತಿ?" ಎಂದಳು.

ಸಮತಾಳಿಗೆ ನಗು ಬರಲಿಲ್ಲ. ದೀಪಾವಳಿಗೆ ಬಂದಾಗಲೂ ಅಕ್ಕನ ಬೆನ್ನ ಮೇಲೆ ಕಲೆಯಿತ್ತು. ಮೂರೇ ದಿನಕ್ಕೆ ಅಪ್ಪ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟುಬಂದಿದ್ದರು. ಬೆರಳು ಒರೆಸಿಕೊಳ್ಳುತ್ತಿದ್ದಾಗ ಪರದೆಯಲ್ಲಿ ಮತ್ತೆ ಅಕ್ಷರ ಮೂಡಿತು.

"ಬರ್ತೀನಿ ಕಣೆ."

"ಹ್ಞೂ, ಬಾ" ಎಂದು ಒತ್ತಿದಳು ಸಮತಾ. ಹೊರಡುವವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಅಮ್ಮ ಚಿಕ್ಕಂದಿನಲ್ಲೇ ಇಬ್ಬರಿಗೂ ಕಲಿಸಿದ್ದು. ಅಕ್ಕ ಆಟ ಮುಗಿಸುತ್ತಿದ್ದಾಳೆ ಎಂದುಕೊಂಡು ಅವಳು ಮತ್ತೆ ಕಾಳಿಗೆ ಕೈಹಾಕಿದಳು.

ತಿರುಗಿ ನೋಡಿದಾಗ ಬಿಲ್ಲುಗಾತಿ ಅಲ್ಲೇ ನಿಂತಿದ್ದಳು. ಬಾವಿಯ ಕಡೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಮರಳು ಮೊಣಕಾಲಿಗೆ ಬಂದಿತ್ತು.

ಸಮತಾ ಥಟ್ಟನೆ ಮೊಬೈಲ್ ಎತ್ತಿಕೊಂಡು ಅಕ್ಕನ ಬೊಂಬೆಯ ಕೈ ಹಿಡಿಸಿ ಎಳೆದಳು. ಎಳೆಯಬಹುದು; ಆದರೆ ಇಬ್ಬರ ನಡಿಗೆಗೂ ಎಳೆಯುವವರ ಹೆಗಲಲ್ಲಿರುವ ತೊಗಲಿನ ತಿತ್ತಿಯ ನೀರೇ ಖರ್ಚಾಗುತ್ತದೆ, ಅದು ಮುಗಿದರೆ ನಡಿಗೆಯೂ ನಿಲ್ಲುತ್ತದೆ. "ಅಕ್ಕ? ಅಕ್ಕ?" ಉತ್ತರವಿಲ್ಲ.

"ಅಮ್ಮ," ಎಂದಳು. "ಅಕ್ಕ ಬರ್ತೀನಿ ಅಂದ್ಲು. ಆದ್ರೆ ಬಾವಿ ಹತ್ರ ಹೋಗ್ಲೇ ಇಲ್ಲ."

ಕಲ್ಲಮ್ಮನ ಕೈಯಿಂದ ಕಾಳು ಉದುರಿತು. "ಬಾವಿ? ಯಾವ ಬಾವಿನೇ? ಏನಂದ್ಲು ಅವಳು?"

"ಅಲ್ಲಮ್ಮ, ಗೇಮಲ್ಲಿ..."

ಕಲ್ಲಮ್ಮ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮದುವೆಯಾದ ಮಗಳು, ಬಾವಿ. ಆ ಎರಡು ಮಾತು ಅವಳ ಮುಖದ ಬಣ್ಣವನ್ನೇ ತೆಗೆದಿದ್ದವು. ಸಿಪ್ಪೆ ಮೆತ್ತಿದ ಕೈಯಲ್ಲೇ ತನ್ನ ಫೋನು ಹುಡುಕಿ ಅಳಿಯನ ನಂಬರ್ ಒತ್ತಿದಳು. ಕಿವಿ ಮಂದವಾದ್ದರಿಂದ ಯಾವಾಗಲೂ ಸ್ಪೀಕರ್.

"ಅಳಿಯಂದ್ರೆ, ಸೌಂದರ್ಯ ಎಲ್ಲಿ? ಹುಷಾರಾಗಿದಾಳಾ?"

"ಹುಷಾರಾಗೇ ಇದಾಳೆ ಅತ್ತೆ. ರೂಮ್ ಬಾಗ್ಲು ಹಾಕ್ಕೊಂಡು ಗೇಮ್ ಆಡ್ತಿದಾಳೆ." ರುದ್ರೇಶ್ ಆಕಳಿಸಿದ. "ಭಾನುವಾರನೂ ಮಲಗಕ್ಕೆ ಬಿಡಲ್ಲ. ಅದೇನೋ ಗಾಳಿ ಬೀಸೋ ಸದ್ದು, ಹಾಲಿಗೂ ಕೇಳ್ತಿದೆ ನೋಡಿ."

ಸಮತಾಳ ಮೊಬೈಲಿನಿಂದಲೂ ಅದೇ ಗಾಳಿ ಸಣ್ಣಗೆ ಊಳಿಡುತ್ತಿತ್ತು. ಅಕ್ಕನ ರೂಮಿಗೆ ಹಿತ್ತಲ ಕಡೆ ಇನ್ನೊಂದು ಬಾಗಿಲಿದೆ. ಫೋನು ಮಾತ್ರ ಒಳಗಿದೆ, ಅಕ್ಕ ಇಲ್ಲ. ಗಾಳಿ ಬೀಸುತ್ತಿರುವಷ್ಟು ಹೊತ್ತು ಭಾವ ಹಾಲಿನಲ್ಲೇ ಮಲಗಿರುತ್ತಾನೆ. ಅಕ್ಕ ಅಂದದ್ದು ಹೋಗ್ತೀನಿ ಅಂತಲ್ಲ. ಬರ್ತೀನಿ ಅಂತ, ನಿಜವಾಗಿಯೇ ಇಲ್ಲಿಗೆ.

ಅವಳು ಅಮ್ಮನ ಕಡೆ ತಲೆಯಾಡಿಸಿದಳು. ಬೇಡ, ಹೇಳಬೇಡ. ಕಲ್ಲಮ್ಮ ಆಗಲೇ ಎದೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು.

"ಅಯ್ಯೋ ಶಿವನೆ, ಸದ್ಯ! ಬಾವಿ ಗೀವಿ ಅಂತ ಹೆದರಿಸಿಬಿಟ್ಲು ಇವಳು. ಈಗಷ್ಟೇ ಬರ್ತೀನಿ ಅಂದ್ಲಂತಲ್ಲ. ಹಬ್ಬಕ್ಕೆ ಮುಂಚೆನೇ ಕಳಿಸ್ತಿದೀರಾ?"

ಆ ಕಡೆ ರುದ್ರೇಶ್ ಎದ್ದು ಕೂತ ಸದ್ದು.

"ಎಲ್ಲಿಗೆ ಬರ್ತೀನಿ ಅಂದ್ಲು?"

ಕಲ್ಲಮ್ಮನ ನಗು ಅರ್ಧಕ್ಕೆ ನಿಂತಿತು. ಸ್ಪೀಕರಿನಲ್ಲಿ ಚಪ್ಪಲಿಯ ಸದ್ದು, ಬಾಗಿಲು ತಟ್ಟುವ ಸದ್ದು, ಆಮೇಲೆ ತಟ್ಟುವುದಲ್ಲ, ಒದೆಯುವ ಸದ್ದು. ಚಿಲಕ ಕಿತ್ತು ಬಂದಿರಬೇಕು. ಗಾಳಿಯ ಊಳು ಒಮ್ಮೆಲೇ ಜೋರಾಗಿ ಕೇಳಿಸಿ ಫೋನು ಕಟ್ಟಾಯಿತು.

ಸಮತಾ ಎಳೆಯುವುದನ್ನು ಬಿಟ್ಟಿರಲಿಲ್ಲ. ತಿತ್ತಿಯ ತಳದಲ್ಲಿ ಒಂದು ಗೆರೆಯಷ್ಟು ನೀರಿತ್ತು. ಆಗ ಅವಳ ಬೊಂಬೆ ಹಿಡಿದಿದ್ದ ಕೈ ತಾನಾಗಿ ಅಲುಗಿತು. ಬಿಲ್ಲುಗಾತಿ ಆಡಲು ಬಾರದವರಂತೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಡವರಿಸಿದಳು. ಸುತ್ತ ತಿರುಗಿ ಸಮತಾಳ ಎದುರಿಗೇ ಮುಖಮಾಡಿ ನಿಂತಳು. ಅಕ್ಷರಗಳು ಒಂದೊಂದಾಗಿ ಬಂದವು.

"ಸಮತಾ ನೀನೇನಾ"

"ಎಷ್ಟೊತ್ತಾಯ್ತು ಹೊರಟು"

ಸಮತಾ ಕೈ ಬಿಟ್ಟಳು. ಬೊಂಬೆ ಎರಡು ಹೆಜ್ಜೆ ಹಿಂಬಾಲಿಸಿ ನಿಂತಿತು. ಅತ್ತ ಫೋನು ಹಿಡಿದಿದ್ದ ಭಾವನಿಗೆ ಬೆಂಗಾಡಿನಲ್ಲಿ ನಿಲ್ಲಬಾರದೆಂದು ಗೊತ್ತಿರಲಿಲ್ಲ. ಮರಳು ಮೊಣಕಾಲು, ಸೊಂಟ ದಾಟಿ ಕೆಂಪು ರುಮಾಲಿನವರೆಗೆ ಬರುವುದನ್ನು ಅವಳು ನೋಡುತ್ತಾ ಕೂತಳು. ಬೆಂಗಾಡಿನಲ್ಲಿ ಸೇರತೊಡಗಿದ ಈ ಏಳು ತಿಂಗಳು ಆ ರುಮಾಲು ಕಂಡಾಗಲೆಲ್ಲ ಅಕ್ಕ ಇದ್ದಾಳೆ ಎಂದುಕೊಂಡಿದ್ದಳು. ಅದೂ ಕಣ್ಮರೆಯಾಯಿತು.

"ಏನೇ ಅದು? ನಾನೇನಂದೆ ಈಗ?" ಕಲ್ಲಮ್ಮ ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ವರಾಂಡದಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಶಿವಯೋಗಪ್ಪ ಕನ್ನಡಕ ಕೈಯಲ್ಲಿ ಹಿಡಿದು ಒಳಗೆ ಬಂದರು. ಸಮತಾ ಹೇಳಿದಳು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅಪ್ಪನೆದುರು ಅವಳು ಇಷ್ಟು ಮಾತು ಒಟ್ಟಿಗೆ ಆಡಿದ್ದು ಇದೇ ಮೊದಲು. ಅಕ್ಕನ ಕೈ, ಹಿತ್ತಲ ಬಾಗಿಲು, ಎಲ್ಲ. ಅಕ್ಕ ಈಗಾಗಲೇ ಬಸ್ಸು ಹತ್ತಿರಬಹುದು, ಇನ್ನೂ ಸ್ಟ್ಯಾಂಡಿನಲ್ಲೇ ನಿಂತಿರಬಹುದು. ಭಾವನದು ಬೈಕು.

"ಮತ್ತೆ ಜಗಳ ಮಾಡ್ಕೊಂಡ್ಲಾ," ಎಂದರು ಶಿವಯೋಗಪ್ಪ. ಅಷ್ಟೇ ಹೇಳಿ ಕುರ್ಚಿಯಲ್ಲಿ ಕೂತರು. ಕಲ್ಲಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು.

ವಿನೋಬನಗರದ ಆ ಬೀದಿಯಲ್ಲಿ ಭಾನುವಾರದ ಹನ್ನೊಂದು ಗಂಟೆಗೆ ಓಡಾಟ ಕಡಿಮೆ. ಒಂದು ಆಟೋ ಬಂದು ಮುಂದೆ ಹೋಯಿತು. ಆಮೇಲೆ ಬೈಕೊಂದು ತಿರುವಿನಲ್ಲಿ ಗೇರು ಬದಲಿಸಿದ್ದು ಕೇಳಿಸಿತು. ಮೂವರೂ ಬಾಗಿಲ ಕಡೆ ತಿರುಗಿದರು. ಅದು ಎದುರುಮನೆಯವರದು.

ಸಮತಾ ಎದ್ದು ಹೋಗಿ ಮುಂಬಾಗಿಲ ಹತ್ತಿರ ನಿಂತಳು.

"ಅಪ್ಪ, ಭಾವ ಬಂದ್ರೆ ಬಾಗ್ಲು ತೆಗೀಬೇಡಿ."

ಶಿವಯೋಗಪ್ಪ ಕನ್ನಡಕದ ಗಾಜನ್ನು ಪಂಚೆಯ ಅಂಚಿನಿಂದ ಒರೆಸುತ್ತಲೇ ಇದ್ದರು.