ಕಾಗೆರಾಜನ ನಿಲುವಂಗಿ

ನಾನು ಒಂದು ಕರಿಯ ನಿಲುವಂಗಿ. ಹುಟ್ಟಿದ್ದು ಫ್ರಾನ್ಸಿನ ಲಿಯೋನ್ ನಗರದ ಕುರ್ಚಿ ರಿಪೇರಿ ಅಂಗಡಿಯೊಂದರಲ್ಲಿ. ಅಲ್ಲಿಯ ಕೆಲಸಗಾರ ಗಾಸ್ಪಾರ್, ಕುರ್ಚಿಗೆ ಹೊದಿಸಿ ಮಿಕ್ಕ ಮಖಮಲ್ಲಿನ ತುಂಡುಗಳನ್ನು ಜೋಡಿಸಿ, ಅದರ ಮೇಲೆ ನಾಲ್ಕು ತಿಂಗಳು ಒಂದೊಂದೇ ಗರಿ ಹೊಲಿದು ನನ್ನನ್ನು ಮಾಡಿದ. ಗರಿಗಳೆಲ್ಲ ಕೋಳಿಯವು, ಕಪ್ಪು ಬಣ್ಣ ಹಾಕಿದವು. ದೂರದಿಂದ ನೋಡಿದರೆ ಮಾತ್ರ ನಾನು ಕಾಗೆ.

ಗಾಸ್ಪಾರ್ ಮಹಾ ಸಂಕೋಚದ ಮನುಷ್ಯ. ಬೇಕರಿಯವಳು ನಿನ್ನೆಯ ಬ್ರೆಡ್ ಕೊಟ್ಟರೂ ಬೇಡವೆನ್ನಲು ಅವನಿಗೆ ಬಾಯಿ ಬಾರದು. ಆದರೆ ಮುಖಕ್ಕೆ ಬಿಳಿ ಬಳಿದು, ಮೂಗಿಗೆ ಕೊಕ್ಕು ಕಟ್ಟಿ, ನನ್ನನ್ನು ಹೆಗಲಿಗೇರಿಸಿದನೆಂದರೆ ಅವನು ಕಾಗೆರಾಜ. ಗಿಟಾರು, ಡ್ರಮ್ಮುಗಳ ಅಬ್ಬರದ ನಡುವೆ ಚಾವಣಿಯಿಂದ ಹಗ್ಗ ಹಿಡಿದು ವೇದಿಕೆಗೆ ಇಳಿದು ಹಾಡುತ್ತಿದ್ದ. ತೋಳು ಬಿಚ್ಚಿದರೆ ಸಾವಿರಾರು ಜನ ಕಾಗೆಗಳಂತೆ ಕೂಗುತ್ತಿದ್ದರು. ಆಟ ಮುಗಿದ ಮೇಲೆ ಕೊಠಡಿಯ ಬಾಗಿಲು ಹಾಕಿಕೊಂಡು, ಉದುರಿದ ಗರಿಗಳನ್ನು ತಾನೇ ಹೊಲಿಯುತ್ತಾ ಕೂರುತ್ತಿದ್ದ. ಅವನ ಜೊತೆ ಊಟಕ್ಕೆ ಕೂತವರನ್ನು ನಾನು ಕಂಡಿಲ್ಲ.

ಹೀಗೆ ಹನ್ನೆರಡು ವರ್ಷ. ಆಮೇಲೆ ಅವನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಉಳಿಯಲಿಲ್ಲ. ಪಿಸುಮಾತಷ್ಟೇ ಮಿಕ್ಕಿತು.

ಮ್ಯಾನೇಜರ್ ಬೆರ್ತ್ರಾನ್ ಒಬ್ಬ ಸರ್ಕಸ್ ಆಳನ್ನು ಕರೆತಂದ. ಹೆಸರು ದಿದಿಯೇ.

"ಹಾಡು ರೆಕಾರ್ಡಿನಲ್ಲಿದೆ. ನಿನ್ನ ಮುಖ ಯಾರು ನೋಡಿದ್ದಾರೆ ಹೇಳು? ಇವನು ತುಟಿ ಆಡಿಸಿದರೆ ಸಾಕು. ನೀನು ಬೇಡ ಅಂದರೆ ಈಗಲೇ ಎಲ್ಲ ನಿಲ್ಲಿಸ್ತೀನಿ," ಎಂದು ಬೆರ್ತ್ರಾನ್ ಗಾಸ್ಪಾರ್‌ಗೆ ಹೇಳಿದ.

ಬೇಡವೆನ್ನಲಿ ಎಂದು ನಾನು ಕಾದೆ. ಗಾಸ್ಪಾರ್ ನನ್ನ ಕೊರಳಪಟ್ಟಿಯನ್ನು ಬೆರಳಿನಿಂದ ಸವರಿದ. ಆಮೇಲೆ ತಾನೇ ನನ್ನನ್ನು ಎತ್ತಿ ದಿದಿಯೇಯ ಹೆಗಲಿಗೆ ಹಾಕಿದ.

"ನಿಧಾನವಾಗಿ ನಡಿ," ಎಂದು ಪಿಸುಗುಟ್ಟಿದ. "ರಾಜನಿಗೆ ಅವಸರ ಇಲ್ಲ."

ದಿದಿಯೇಯ ಮೊದಲ ಪ್ರದರ್ಶನದ ದಿನ ಗಾಸ್ಪಾರ್ ಮೂರನೆಯ ಸಾಲಿನಲ್ಲಿ ಕೂತಿದ್ದ. ಬರಿಮುಖ, ಬೂದುಬಣ್ಣದ ಕೋಟು. ಅವನದೇ ದನಿ ಧ್ವನಿವರ್ಧಕಗಳಿಂದ ಮೊಳಗಿತು. ಮೊದಲ ಹಾಡಿಗೆ ಅವನ ತುಟಿಗಳೂ ಆಡುತ್ತಿದ್ದವು, ಎರಡನೆಯದಕ್ಕೆ ನಿಂತವು. ಜನರೆಲ್ಲ ಎದ್ದು ಕೂಗಿದರು. ಕೂತೇ ಇದ್ದ ಅವನನ್ನು ಪಕ್ಕದ ಹೆಂಗಸು ಮೊಣಕೈ ಹಿಡಿದು ಎಬ್ಬಿಸಿದಳು.

ಆಟ ಮುಗಿದ ಮೇಲೆ ಅವನು ವೇದಿಕೆಯ ಹಿಂದಿನ ಓಣಿಗೆ ಬಂದ. ಕಾವಲಿನವನು ಹೊಸಬ. "ಸ್ವಲ್ಪ ಸರ್ಕೊಳ್ಳಿ ಸಾರ್, ರಾಜರು ಬರ್ತಿದ್ದಾರೆ," ಎಂದ. ಗಾಸ್ಪಾರ್ ಗೋಡೆಗೆ ಆತು ದಾರಿ ಬಿಟ್ಟ.

ದಿದಿಯೇ ಅವನನ್ನು ಕಂಡು ಗಕ್ಕನೆ ನಿಂತ. "ತಗೊಳ್ಳಿ, ಇದು ನಿಮ್ಮದು. ನನ್ನ ಕೈಲಿ ಆಗಲ್ಲ," ಎಂದು ನನ್ನ ಗುಂಡಿ ಬಿಚ್ಚತೊಡಗಿದ.

ಗಾಸ್ಪಾರ್ ತಲೆಯಾಡಿಸಿ ಅವನ ಕೈ ತಡೆದ. ನನ್ನ ಅಂಚು ಹಗ್ಗಕ್ಕೆ ಸಿಕ್ಕಿ ಹರಿದಿತ್ತು. ಜೇಬಿನಿಂದ ಸೂಜಿ ದಾರ ತೆಗೆದು, ಮೊಣಕಾಲೂರಿ, ಅಷ್ಟು ಜನರ ಕಾಲುಗಳ ನಡುವೆ ಕೂತು ಹೊಲಿದ. ದರ್ಜಿಯಿರಬೇಕೆಂದು ಎಲ್ಲರೂ ಪಕ್ಕದಿಂದ ದಾಟಿ ಹೋದರು. ಹಲ್ಲಿನಿಂದ ದಾರ ಕಡಿಯುವಾಗ ಅವನ ಬಿಸಿಯುಸಿರು ನನಗೆ ತಾಗಿತು.

"ಚೆನ್ನಾಗಿತ್ತು," ಎಂದು ದಿದಿಯೇಗೆ ಹೇಳಿ ಎದ್ದು ಹೋದ. ಮತ್ತೆ ಬರಲಿಲ್ಲ. ಅವನು ಎಲ್ಲಿದ್ದಾನೆಂದು ನನ್ನ ಎದುರಿಗೆ ಯಾರೂ ಮಾತಾಡಲಿಲ್ಲ.

ದಿದಿಯೇ ನನ್ನನ್ನು ಆರು ವರ್ಷ ತೊಟ್ಟ. ಒಳ್ಳೆಯವನೇ, ಆದರೆ ಸೂಜಿ ಹಿಡಿಯಲು ಬಾರದು. ಗರಿಗಳು ಉದುರುತ್ತಾ ಹೋದವು, ಜನರೂ ಕರಗಿದರು. ಕೊನೆಗೊಂದು ಭಾನುವಾರದ ಸಂತೆಯಲ್ಲಿ ಹಳೆಬಟ್ಟೆಗಳ ರಾಶಿಯಿಂದ ರೊಜೀನ್ ಎಂಬ ಮುದುಕಿ ನನ್ನನ್ನು ಕೊಂಡು, ತನ್ನ ಚೆರ್ರಿ ತೋಟದಲ್ಲಿ ಎರಡು ಕೋಲುಗಳ ಮೇಲೆ ಬೆದರುಬೊಂಬೆಯಾಗಿ ನಿಲ್ಲಿಸಿದಳು.

ಹಕ್ಕಿಗಳು ಎರಡೇ ದಿನ ಹೆದರಿದವು. ಈ ವಸಂತದಲ್ಲಿ ಒಂದು ಪುಟ್ಟ ಹಕ್ಕಿ ನನ್ನ ಹರಿದ ಅಸ್ತರಿನೊಳಗೆ ಗೂಡು ಕಟ್ಟಿ ನಾಲ್ಕು ಮೊಟ್ಟೆಯಿಟ್ಟಿದೆ. ಬೀಸಿ ಹಾರಾಡಲೆಂದೇ ನನ್ನನ್ನು ಹೊಲಿದಿದ್ದರು. ಈಗ ಗಾಳಿ ಬಂದಾಗ ಆದಷ್ಟು ಅಲುಗದಿರಲು ಕಲಿಯುತ್ತಿದ್ದೇನೆ.